ಚಿನ್ನದ ತೂಕದಲ್ಲಿ ಕಳೆದುಹೋಗುವ ಕೆಂಪು

ಹೊಳಲ್ಕೆರೆ ಸೀಮೆಯ ಘಟ್ಟಿಹೊಸಹಳ್ಳಿಯಲ್ಲಿ ಒಂದು ಹಸಿರು ಕಲ್ಲು ಸಿಗುತ್ತದೆ. ಒಡೆದ ಮುಖವನ್ನು ಬಿಸಿಲಿಗೆ ಹಿಡಿದು ಕೊಂಚ ಹೊರಳಿಸಿದರೆ ಸಾಕು, ಒಳಗೆ ಹುದುಗಿದ ಅಭ್ರಕದ ಸಣ್ಣ ಸಣ್ಣ ಚಕ್ಕೆಗಳು ಒಟ್ಟಿಗೇ ಮಿನುಗುತ್ತವೆ. ನೋಡುವವರಿಗೆ ಅದು ಬರಿ ಹಸಿರು ಕಲ್ಲು. ಭೂವಿಜ್ಞಾನಿಗಳಿಗೆ ಮಾತ್ರ ಫುಕ್ಸೈಟ್ ಎಂಬ ಹಸಿರು ಅಭ್ರಕ ಬೆರೆತ ಕ್ವಾರ್ಟ್ಜೈಟ್. ಕರ್ನಾಟಕದ ಅತಿ ಹಳೆಯ ಶಿಲಾಪಟ್ಟಿಗಳಲ್ಲಿ ಒಂದರ ತುಣುಕು, ವಯಸ್ಸು ಹೆಚ್ಚುಕಡಿಮೆ 300 ಕೋಟಿ ವರ್ಷ. ಸಿರಿಗೆರೆಯ ನಮಗೆ ಇದು ನೆರೆಸೀಮೆಯ ಕಲ್ಲು. ಈ ಹಸಿರಿಗೂ ನಮ್ಮ ಅಜ್ಜಿಯರ ಕಿವಿಯಲ್ಲಿದ್ದ ಕೆಂಪಿನ ಓಲೆಗೂ ಹತ್ತಿರದ ನಂಟಿದೆ ಎಂದರೆ ಮೊದಲ ಸಲ ಕೇಳಿದವರು ನಂಬುವುದು ಕಷ್ಟ.

ನಂಬಿಸಲು ಮೈಸೂರು ಸೀಮೆಯ ಇನ್ನೊಂದು ಕಲ್ಲನ್ನು ತೋರಿಸಬೇಕು. ಇಂಥದೇ ಹಸಿರು ಅಭ್ರಕದ ನಡುವೆ ಆರು ಮೂಲೆಯ ಕೆಂಪು ಹರಳುಗಳು ಹುಗಿದುಕೊಂಡಿರುವ ಕಲ್ಲು ಅದು. ‘ರೂಬಿ ಇನ್ ಫುಕ್ಸೈಟ್’ ಎಂಬ ಹೆಸರಿನಲ್ಲಿ ಜಗತ್ತಿನ ಕಲ್ಲಿನ ಅಂಗಡಿಗಳಲ್ಲೆಲ್ಲ ಅದು ಮಾರಾಟಕ್ಕಿದೆ. ಹೆಚ್ಚಾಗಿ ಹೋಗುವುದು ಕರ್ನಾಟಕದಿಂದಲೇ. ಒಂದೇ ಕಲ್ಲು, ಒಂದೆಡೆ ಕಡುಕೆಂಪು, ಪಕ್ಕದಲ್ಲೇ ಎಳೆ ಹಸಿರು. ಎರಡೂ ಬಣ್ಣಕ್ಕೆ ಕಾರಣ ಒಂದೇ ಲೋಹ: ಕ್ರೋಮಿಯಂ.

ನಾವು ಕೆಂಪು ಎನ್ನುವ ಮಾಣಿಕ್ಯವೆಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಕೋರಂಡಂ ಎಂಬ ಖನಿಜ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅಲ್ಯೂಮಿನಿಯಂ ಪರಮಾಣುಗಳ ಪೈಕಿ ನೂರಕ್ಕೆ ಒಂದರಷ್ಟೋ ಅದಕ್ಕೂ ಕಡಿಮೆಯೋ ಜಾಗದಲ್ಲಿ ಕ್ರೋಮಿಯಂ ಬಂದು ಕೂತರೆ ಇಡೀ ಹರಳು ಕೆಂಪಾಗುತ್ತದೆ. ಕೋರಂಡಂನಲ್ಲಿ ಸುತ್ತಲಿನ ಆಮ್ಲಜನಕ ಈ ಕ್ರೋಮಿಯಂ ಅನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ. ಆ ಬಿಗಿಯಲ್ಲಿ ಕ್ರೋಮಿಯಂ ಬೆಳಕಿನೊಳಗಿನ ಹಳದಿ-ಹಸಿರನ್ನೂ ನೇರಳೆಯನ್ನೂ ನುಂಗಿ ಕೆಂಪನ್ನು ಹೊರಬಿಡುತ್ತದೆ. ಅಭ್ರಕದಲ್ಲಿ, ಹಾಗೆಯೇ ಪಚ್ಚೆಯಲ್ಲಿ, ಆ ಹಿಡಿತ ಸ್ವಲ್ಪ ಸಡಿಲ. ಅಷ್ಟಕ್ಕೇ ನುಂಗುವ ಭಾಗ ಕೆಂಪಿನ ಕಡೆಗೆ ಸರಿಯುತ್ತದೆ, ಹಸಿರು ಹೊರಗೆ ಬರುತ್ತದೆ. ಪರಮಾಣುಗಳ ನಡುವಿನ ಅಂತರದಲ್ಲಿ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ವ್ಯತ್ಯಾಸ. ಅದರಿಂದಲೇ ಒಂದು ಮಾಣಿಕ್ಯ, ಇನ್ನೊಂದು ಪಚ್ಚೆ.

ಮಾಣಿಕ್ಯದ ಸೊಗಸು ಅಲ್ಲಿಗೇ ಮುಗಿಯುವುದಿಲ್ಲ. ನುಂಗಿದ ಬೆಳಕಿನ ಒಂದಂಶವನ್ನು ಅದು ಮತ್ತೆ ಕೆಂಪಾಗಿಯೇ ಹೊರಸೂಸುತ್ತದೆ. ಬರ್ಮಾದ ಮೊಗೋಕ್ ಕಣಿವೆಯ ಅಮೃತಶಿಲೆಯಲ್ಲಿ ಹುಟ್ಟಿದ ಕೆಂಪಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಹಾಗಾಗಿ ಈ ಹೊರಸೂಸುವ ಗುಣಕ್ಕೆ ಅಡ್ಡಿಯಿಲ್ಲ. ಬಿಸಿಲಿಗೆ ಹಿಡಿದರೆ ಗಾಳಿ ಊದಿದ ಕೆಂಡದ ಹಾಗೆ ಒಳಗಿನಿಂದಲೇ ಉರಿಯುತ್ತದೆ. ಥಾಯ್ಲೆಂಡಿನ ಕಪ್ಪುಶಿಲೆಯ ಕೆಂಪಿನಲ್ಲಿ ಕಬ್ಬಿಣ ಹೆಚ್ಚು; ಅದು ಈ ಉರಿಯನ್ನು ತಣಿಸಿಬಿಡುತ್ತದೆ. ‘ಬರ್ಮಾ ಕೆಂಪು’ ಎಂದರೆ ನಮ್ಮ ಹಳೆಯ ಅಕ್ಕಸಾಲಿಗಳ ಕಣ್ಣು ಯಾಕೆ ಅರಳುತ್ತಿತ್ತು ಎಂಬುದಕ್ಕೆ ವಿಜ್ಞಾನದ ಉತ್ತರ ಇಷ್ಟು.

ಇಷ್ಟು ಸಾಮಾನ್ಯ ವಸ್ತುಗಳಿಂದಾದ ಹರಳು ಇಷ್ಟು ಅಪರೂಪ ಹೇಗೆ? ಅಲ್ಯೂಮಿನಿಯಂ ಜೇಡಿಮಣ್ಣಿನಲ್ಲೂ ಇದೆ. ಆದರೆ ಭೂಮಿಯ ಹೊರಪದರದಲ್ಲಿ ಎಲ್ಲಿ ನೋಡಿದರೂ ಸಿಲಿಕಾ ತುಂಬಿದೆ, ಸಿಲಿಕಾ ಇದ್ದಲ್ಲಿ ಅಲ್ಯೂಮಿನಿಯಂ ಅದರ ಜತೆ ಸೇರಿ ಬೇರೆ ಖನಿಜವಾಗಿಬಿಡುತ್ತದೆ. ಇತ್ತ ಕ್ರೋಮಿಯಂ ಇರುವುದು ಭೂಮಿಯ ಆಳದಿಂದ ಬಂದ ಕಪ್ಪು ಶಿಲೆಗಳಲ್ಲಿ. ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ ಗಣಿ ಅಂಥ ಶಿಲೆಯಲ್ಲೇ ಇದೆ. ಸಿಲಿಕಾ ಇಲ್ಲದ ಜಾಗದಲ್ಲಿ ಅಲ್ಯೂಮಿನಿಯಂ ಮತ್ತು ಕ್ರೋಮಿಯಂ ಎದುರಾಗಬೇಕು, ತಕ್ಕ ಒತ್ತಡ, ತಕ್ಕ ಕಾವು ಬೇಕು, ಹರಳು ಒಡೆಯದೆ ಮೇಲೆ ಬರಬೇಕು. ಹಾಗೆ ಬಂದದ್ದು ನಮ್ಮ ಕಿವಿಗೆ ಬಂದಿದೆ.

ಚಿತ್ರದುರ್ಗದ ನೆಲಕ್ಕೆ ಬಣ್ಣದ ಕಲ್ಲಿನ ಒಡವೆ ಹೊಸತಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಅಶೋಕನ ಶಾಸನದ ಊರು, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಆ ಶಾಸನವನ್ನು ಬೆಳಕಿಗೆ ತಂದರು, ಅದರಲ್ಲಿ ಬರುವ ಇಸಿಲ ಪಟ್ಟಣ ಅಲ್ಲೇ ಇತ್ತು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಅದಕ್ಕೂ ಮೊದಲು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆದಿದ್ದರು. ಶಾತವಾಹನರ ನಾಣ್ಯಗಳ ಜತೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕಿದವು. ಮಣ್ಣು ಜರಡಿ ಹಿಡಿದಾಗ ಉಳಿದವುಗಳಲ್ಲಿ ಮಣಿಗಳಿದ್ದವು: ಕೆಂಪು ಕಾರ್ನೇಲಿಯನ್, ಪಟ್ಟೆ ಪಟ್ಟೆಯ ಅಗೇಟ್. ಚಿನ್ನ ಕರಗಿ ಕೈ ಬದಲಿಸುತ್ತದೆ. ಕಲ್ಲಿನ ಮಣಿ ಮಾತ್ರ ಎರಡು ಸಾವಿರ ವರ್ಷ ಮಣ್ಣಲ್ಲಿದ್ದರೂ ತೊಳೆದರೆ ಅದೇ ಬಣ್ಣ.

ಈ ಕಾರ್ನೇಲಿಯನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದೆ ಅಂಗಡಿಯ ವಿಚಾರ ಬಂದಾಗ ಬೇಕಾಗುತ್ತದೆ. ನದಿಯ ಗುಂಡುಕಲ್ಲುಗಳ ನಡುವೆ ಸಿಗುವಾಗ ಆ ಕಲ್ಲು ಹೆಚ್ಚಾಗಿ ಮಂಕು ಹಳದಿ, ಕಂದು. ಅದನ್ನು ನಿಧಾನ ಕಾವಿನಲ್ಲಿ ಸುಟ್ಟರೆ ಒಳಗಿನ ಕಬ್ಬಿಣದ ಅಂಶದಿಂದ ನೀರು ಹೋಗಿ ಕೆಂಪು ಮೂಡುತ್ತದೆ. ಹರಪ್ಪದ ಕಾಲದಿಂದಲೂ ನಮ್ಮವರಿಗೆ ಗೊತ್ತಿದ್ದ ವಿದ್ಯೆ ಇದು. ಗುಜರಾತಿನ ಖಂಭಾತದಲ್ಲಿ ಇಂದಿಗೂ ನಡೆಯುತ್ತಿದೆ. ಕಲ್ಲಿಗೆ ಕಾವು ಕೊಟ್ಟು ಬಣ್ಣ ತರಿಸುವುದು ನಿನ್ನೆ ಮೊನ್ನೆಯ ಮೋಸವಲ್ಲ, ನಾಲ್ಕು ಸಾವಿರ ವರ್ಷ ಹಳೆಯ ಕಸುಬು. ಮೋಸವೂ ಅಷ್ಟೇ ಹಳೆಯದು. ಭಾರತದ ಸರಕಿಗಾಗಿ ರೋಮ್ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಸುರಿಯುತ್ತಿದೆ ಎಂದು ಕೊರಗಿದ ರೋಮನ್ ಲೇಖಕ ಪ್ಲಿನಿ, ಭಾರತೀಯರು ಸ್ಫಟಿಕಕ್ಕೆ ಬಣ್ಣ ಹಾಕಿ ರತ್ನವೆಂದು ತೋರಿಸುವುದನ್ನು ಕಲಿತಿದ್ದಾರೆಂದೂ ಅದೇ ಗ್ರಂಥದಲ್ಲಿ ಬರೆದಿದ್ದಾನೆ.

ಹಾಗಾಗಿಯೇ ಪರೀಕ್ಷೆ ಒಂದು ಶಾಸ್ತ್ರವಾಗಿ ಬೆಳೆಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಕೋಶಕ್ಕೆ ಬರುವ ರತ್ನಗಳ ಪರೀಕ್ಷೆಗೆ ಒಂದು ಅಧ್ಯಾಯವಿದೆ, ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ನಮ್ಮ ಹೆಮ್ಮೆಗೆ ತಕ್ಕವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 1129ರ ಹೊತ್ತಿಗೆ ಆತ ಬರೆದ ‘ಮಾನಸೋಲ್ಲಾಸ’ ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಹೇಳುವ ಗ್ರಂಥ. ಬೊಕ್ಕಸದ ಪ್ರಸಂಗ ಬಂದಾಗ ರತ್ನಗಳ ಲಕ್ಷಣ, ಗುಣದೋಷಗಳನ್ನು ದೊರೆಯೇ ಕೂತು ವಿವರಿಸುತ್ತಾನೆ. ಹರಳನ್ನು ಕಣ್ಣಿಟ್ಟು ನೋಡುವುದು ರಾಜನಿಗೆ ಗೊತ್ತಿರಬೇಕಾದ ವಿದ್ಯೆಯೆಂದು ಕನ್ನಡ ನೆಲದ ಅರಸನೊಬ್ಬ ತಿಳಿದಿದ್ದ ಎಂಬುದು ನನಗೆ ಆ ರತ್ನಗಳಿಗಿಂತ ದೊಡ್ಡ ವಿಷಯ.

ಮುಂದಿನ ಕಥೆ ಹಂಪಿಯದು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಮಾಣಿಕ್ಯ, ಮುತ್ತು, ಪಚ್ಚೆ, ವಜ್ರಗಳನ್ನು ಪೇಟೆಯಲ್ಲಿ ಬಹಿರಂಗವಾಗಿಯೇ ಮಾರುತ್ತಾರೆಂದು ಬೆರಗಾಗಿ ಬರೆದ. 1520ರ ಸುಮಾರಿಗೆ ಕೃಷ್ಣದೇವರಾಯನ ಹಂಪಿಯನ್ನು ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಕೂಡ ರತ್ನ ಮಾರುವ ಬೀದಿಯನ್ನು ವರ್ಣಿಸಿದ್ದಾನೆ. ಇಲ್ಲಿ ಒಂದನ್ನು ಗಮನಿಸಬೇಕು. ವಜ್ರ ದಖ್ಖನಿನದೇ, ರಾಜ್ಯದೊಳಗೇ ಗಣಿಗಳಿದ್ದವು. ಮಾಣಿಕ್ಯ ಮತ್ತು ನೀಲ ಬರುತ್ತಿದ್ದುದು ಬರ್ಮಾದ ಪೆಗು ಮತ್ತು ಸಿಂಹಳದಿಂದ, ಹಡಗಿನಲ್ಲಿ. ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ ಇದನ್ನು ಸ್ಪಷ್ಟವಾಗಿ ಹೇಳುತ್ತಾನೆ. ಅಂದರೆ ಮನೆಯ ಬಾಗಿಲಲ್ಲೇ ವಜ್ರ ಸಿಗುತ್ತಿದ್ದ ಕಾಲದಲ್ಲೂ ನಮ್ಮವರು ಸಮುದ್ರದಾಚೆಯ ಕೆಂಪಿಗೆ ಹಣ ಕೊಟ್ಟರು.

ಯಾಕೆ ಕೆಂಪೇ? ನನ್ನದೊಂದು ಊಹೆಯಿದೆ. ಎಣ್ಣೆದೀಪದ ಬೆಳಕಿನಲ್ಲಿ ನೀಲಿ ಅಂಶ ಬಹಳ ಕಡಿಮೆ, ಕೆಂಪು-ಹಳದಿಯೇ ಹೆಚ್ಚು. ಆ ಬೆಳಕಿನಲ್ಲಿ ನೀಲದ ಹರಳು ಕಪ್ಪಿಟ್ಟುಹೋಗುತ್ತದೆ, ಪಚ್ಚೆ ಮಂಕಾಗುತ್ತದೆ, ಮಾಣಿಕ್ಯ ಮಾತ್ರ ಇನ್ನಷ್ಟು ಕಳೆಗಟ್ಟುತ್ತದೆ. ನಮ್ಮ ಗರ್ಭಗುಡಿಗಳು ದೀಪದ ಬೆಳಕಿನವು, ನಮ್ಮ ಮದುವೆಗಳು ರಾತ್ರಿಯಿಡೀ ನಡೆಯುತ್ತಿದ್ದವು. ಆ ಬೆಳಕಿಗೆ, ನಮ್ಮ ಮೈಬಣ್ಣಕ್ಕೆ, ಹಳದಿ ಚಿನ್ನಕ್ಕೆ ಒಪ್ಪುವ ಕಲ್ಲನ್ನು ನಮ್ಮ ಹೆಂಗಸರು ಆರಿಸಿಕೊಂಡರು. ತಲೆಮಾರುಗಳ ಕಣ್ಣು ಪಳಗಿ ಮಾಡಿದ ಆಯ್ಕೆ ಅದು. ಇಂದಿಗೂ ನಮ್ಮ ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆಯ ಪೆಂಡಾಲಿನಲ್ಲಿ ವಯಸ್ಸಾದ ತಾಯಂದಿರ ಸಾಲಿನತ್ತ ನೋಡಿದರೆ ಕೆಂಪಿನ ಓಲೆ, ಕೆಂಪಿನ ಮೂಗುಬಟ್ಟು ಕಾಣುತ್ತವೆ. ಮೊಮ್ಮಕ್ಕಳ ಸಾಲಿನಲ್ಲಿ ಬಿಳಿಕಲ್ಲು.

ಹರಳು ಒಡವೆಗಷ್ಟೇ ಮೀಸಲಾಗಿರಲಿಲ್ಲ. ಮೂಡುಬಿದಿರೆಯ ಗುರುಬಸದಿಗೆ ಹೋದವರು ಅಲ್ಲಿನ ಸಿದ್ಧಾಂತ ದರ್ಶನದ ರತ್ನಬಿಂಬಗಳ ಬಗ್ಗೆ ಕೇಳಿರುತ್ತಾರೆ. ಮಾಣಿಕ್ಯ, ಪಚ್ಚೆ, ನೀಲ, ಸ್ಫಟಿಕ ಹೀಗೆ ಒಂದೊಂದು ಕಲ್ಲಿನಲ್ಲಿ ಕಡೆದ ಪುಟ್ಟ ಜಿನಬಿಂಬಗಳವು. ಗಡಸಿನ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಮಾಣಿಕ್ಯ-ನೀಲಗಳಿಗೆ 9. ಉಕ್ಕಿನ ಉಳಿ ಅವುಗಳ ಮೇಲೆ ಗೀರು ಕೂಡ ಹಾಕಲಾರದು. ಪುಡಿಮಾಡಿದ ಕೋರಂಡಂನಿಂದಲೋ ವಜ್ರದ ಪುಡಿಯಿಂದಲೋ ಸಾಣೆ ಹಿಡಿದು ಹಿಡಿದು ಸವೆಸಬೇಕು. ತೀರ್ಥಂಕರರ ಶಾಂತಮುಖವನ್ನು ಅಂಥ ಕಲ್ಲಿನಲ್ಲಿ ಬಿಡಿಸಿದವರ ಹೆಸರು ನಮಗೆ ಉಳಿದಿಲ್ಲ.

ಈಗ ಓಲೆಯನ್ನೇ ಹತ್ತಿರದಿಂದ ನೋಡೋಣ. ನಮ್ಮ ಕಡೆಯ ಏಳು ಹರಳಿನ ಓಲೆಯಲ್ಲಿ ನಡುವೆ ಒಂದು, ಸುತ್ತ ಆರು. ಹಿಂಬದಿ ಪೂರ್ತಿ ಮುಚ್ಚಿದ ಚಿನ್ನ, ಬೆಳಕು ಹಿಂದಿನಿಂದ ಬರುವ ದಾರಿಯೇ ಇಲ್ಲ. ಹಾಗಿದ್ದೂ ಅದು ಹೊಳೆಯುವುದು ಹೇಗೆ ಎಂಬುದನ್ನು ಪರಿಚಯದ ಆಚಾರಿಯೊಬ್ಬರು ಒಮ್ಮೆ ಬಿಚ್ಚಿ ತೋರಿಸಿದರು. ಊದುಗೊಳವೆಯಿಂದ ಹದವಾಗಿ ಕಾವು ಕೊಟ್ಟು, ಒಳಗಿನ ಅರಗು ಮೆತ್ತಗಾಗುತ್ತಲೇ ಚಿಮಟದ ತುದಿಯಿಂದ ಹರಳನ್ನು ಎತ್ತಿದರು. ಅಡಿಯಲ್ಲಿ ಉಗುರಿಗಿಂತ ತೆಳುವಾದ ತಗಡಿನ ತುಣುಕು. ಹರಳಿನೊಳಗೆ ಇಳಿದ ಬೆಳಕನ್ನು ತಿರುಗಿ ಕಣ್ಣಿಗೆ ಕಳಿಸುವುದು ಆ ತಗಡು. ವರ್ಷಗಟ್ಟಲೆ ನೀರು, ಬೆವರು, ಎಣ್ಣೆ ಇಳಿದು ಅದು ಕಪ್ಪಾಗಿತ್ತು. ಓಲೆ ಮಂಕಾದದ್ದು ಅದರಿಂದ, ಕಲ್ಲಿನಿಂದಲ್ಲ. ಓಲೆಯ ಒಡತಿ ಎದುರಿಗೇ ಕೂತಿದ್ದರು.

‘ಅಜ್ಜಿ, ಸುತ್ತಲಿನ ಆರು ಕಲ್ಲು ಒಂದೇ ಥರ ಅದಾವೆ, ನಡುವಿಂದು ಬ್ಯಾರೆ ಐತೆ ನೋಡ್ರಿ’ ಎಂದರು ಆಚಾರಿ.

‘ಅದು ನಮ್ಮವ್ವನ ಕಾಲದ್ದು. ಹಂಗೇ ಕೂರಿಸ್ರಿ ಆಚಾರ್ರೆ’ ಎಂದರು ಅಜ್ಜಿ.

ಹತ್ತು ಪಟ್ಟು ಹಿಗ್ಗಿಸುವ ಲೆನ್ಸಿನಲ್ಲಿ ನೋಡಿದಾಗ ವ್ಯತ್ಯಾಸ ನನಗೂ ಕಂಡಿತು. ಸುತ್ತಲಿನ ಕಲ್ಲುಗಳೊಳಗೆ ನವಿರಾದ ಬಾಗಿದ ಗೆರೆಗಳು, ಅಲ್ಲಲ್ಲಿ ಚುಕ್ಕೆಯಂಥ ಗುಳ್ಳೆ. ನಡುವಿನ ಕಲ್ಲಿನೊಳಗೆ ಮೂರು ದಿಕ್ಕಿಗೆ ಹಾಯ್ದ ಸೂಜಿಯಂಥ ನೇರ ಎಳೆಗಳು. ಬಾಗಿದ ಗೆರೆ ಕುಲುಮೆಯ ಗುರುತು, ನೇರ ಎಳೆ ನೆಲದ ಗುರುತು.

ಕುಲುಮೆಯ ಮಾಣಿಕ್ಯ ಫ್ರಾನ್ಸಿನ ರಸಾಯನವಿಜ್ಞಾನಿ ಆಗಸ್ಟ್ ವೆರ್ನೂಯಿ ಅವರದು. ಅಲ್ಯೂಮಿನಿಯಂ ಆಕ್ಸೈಡಿನ ಪುಡಿಗೆ ತುಸು ಕ್ರೋಮಿಯಂ ಬೆರೆಸಿ ಆಮ್ಲಜನಕ-ಜಲಜನಕದ ಉರಿಯ ಮೂಲಕ ಸುರಿಸಿದರೆ ಅದು ಕರಗಿ ಕೆಳಗೆ ಹನಿಹನಿಯಾಗಿ ಕೂತು ಹರಳಾಗಿ ಬೆಳೆಯುತ್ತದೆ. 1902ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಇಂಥ ಕೆಂಪು ಜಗತ್ತಿನ ಪೇಟೆಯನ್ನೆಲ್ಲ ತುಂಬಿತು, ನಮ್ಮ ಹಳ್ಳಿಯ ಓಲೆಗೂ ಬಂತು. ರಾಸಾಯನಿಕವಾಗಿ ಇದೂ ಮಾಣಿಕ್ಯವೇ, ಗಾಜಲ್ಲ. ಬೆಲೆ ಕಡಿಮೆ, ಅಷ್ಟೆ. ನಿಮ್ಮ ಅಜ್ಜಿಯ ಓಲೆಯಲ್ಲಿರುವುದು ಇದೇ ಆಗಿದ್ದರೆ ನಾಚಿಕೆಪಡುವ ಅಗತ್ಯವಿಲ್ಲ. ಬ್ರಿಟನ್ನಿನ ರಾಜಕಿರೀಟದ ನಡುವಿರುವ, ‘ಕಪ್ಪು ರಾಜಕುಮಾರನ ಮಾಣಿಕ್ಯ’ ಎಂದು ಶತಮಾನಗಳಿಂದ ಮೆರೆದ ಕಲ್ಲು ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆ ಖನಿಜ. ಎರಡನ್ನೂ ಬೇರೆ ಬೇರೆ ಎಂದು ಗುರುತಿಸಿದ್ದೇ 1783ರಲ್ಲಿ.

ಕುಲುಮೆಯ ಮಾಣಿಕ್ಯವನ್ನು ಕರ್ನಾಟಕದ ಗಂಡಸರೂ ದಶಕಗಳ ಕಾಲ ಮೈಮೇಲೆ ಹೊತ್ತು ತಿರುಗಿದ್ದಾರೆ, ಗೊತ್ತಿಲ್ಲದೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು. ಮೇಷ್ಟ್ರ ಕೈಯಲ್ಲಿ, ಮದುವೆಗಂಡಿನ ಕೈಯಲ್ಲಿ ಕಾಣುತ್ತಿದ್ದ ಎಚ್‌ಎಂಟಿ ಜನತಾ ವಾಚಿನ ಮುಖದ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತಿತ್ತು. ಅದು ಬರಿ ಅಲಂಕಾರದ ಮಾತಲ್ಲ. ಹಿಂದಿನ ಮುಚ್ಚಳ ಬಿಚ್ಚಿ ನೋಡಿ: ಚಕ್ರಗಳ ಅಚ್ಚು ಕೂರುವ ಜಾಗದಲ್ಲೆಲ್ಲ ಗಸಗಸೆಗಿಂತ ಕೊಂಚ ದೊಡ್ಡ ಗುಲಾಬಿಗೆಂಪು ಚುಕ್ಕೆಗಳು, ಒಂದೊಂದರ ನಡುವೆಯೂ ತೂತು. ಉಕ್ಕಿನ ಅಚ್ಚು ವರ್ಷಗಟ್ಟಲೆ ತಿರುಗಿದರೂ ಸವೆಯದ ಕಲ್ಲೆಂದೇ ಅಲ್ಲಿ ಮಾಣಿಕ್ಯವನ್ನು ಕೂರಿಸುತ್ತಾರೆ. ಅದೇ ಕುಲುಮೆಯ ಮಾಣಿಕ್ಯದ ಕಡ್ಡಿಯಿಂದಲೇ 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಜಗತ್ತಿನ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ಮಾಣಿಕ್ಯ ನುಂಗಿದ ಬೆಳಕನ್ನು ಕೆಂಪಾಗಿ ಹೊರಸೂಸುತ್ತದೆ ಎಂದೆನಲ್ಲ, ಆ ಗುಣದ್ದೇ ಬೆಳೆದ ರೂಪ ಅದು.

ಹರಳುಗಳ ಬಣ್ಣಕ್ಕೆ ಮನಸೋತು ಅದನ್ನೇ ವಿಜ್ಞಾನವಾಗಿಸಿದ ದೊಡ್ಡವರೊಬ್ಬರು ನಮ್ಮಲ್ಲೇ ಇದ್ದರು. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ವಜ್ರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದ ಮೇಲೆ ಮುತ್ತು, ಓಪಲ್, ಲ್ಯಾಬ್ರಡೊರೈಟ್‌ಗಳ ಬಣ್ಣ ಎಲ್ಲಿಂದ ಬರುತ್ತದೆಂದು ಹುಡುಕಿದರು. ಅವರು ಕೂಡಿಟ್ಟ ವಜ್ರ, ಹರಳು, ಖನಿಜಗಳ ಸಂಗ್ರಹ ಆ ಸಂಸ್ಥೆಯಲ್ಲಿದೆ. ಇದಕ್ಕಿಂತ ಮಿಗಿಲಾದ ಮಾತು ಇನ್ನೊಂದು: 1928ರಲ್ಲಿ ಅವರು ಕಂಡುಹಿಡಿದ ರಾಮನ್ ಪರಿಣಾಮ ಇಂದು ಜಗತ್ತಿನ ರತ್ನ ಪ್ರಯೋಗಾಲಯಗಳ ದಿನನಿತ್ಯದ ಸಾಧನ. ಹರಳಿನ ಮೇಲೆ ಲೇಸರ್ ಬಿಟ್ಟು ಚದುರಿದ ಬೆಳಕನ್ನು ಅಳೆದರೆ ಒಂದೊಂದು ಖನಿಜವೂ ತನ್ನದೇ ಗುರುತು ಕೊಡುತ್ತದೆ. ಗೀರುವುದು ಬೇಡ, ಬಿಚ್ಚುವುದು ಬೇಡ, ಕ್ಷಣಾರ್ಧದಲ್ಲಿ ಮಾಣಿಕ್ಯವೋ ಸ್ಪಿನೆಲ್ಲೋ ಗಾಜೋ ತಿಳಿಯುತ್ತದೆ. ಇದನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೇಳಬೇಕು.

ಕರ್ನಾಟಕದ ನೆಲದ ಕೆಂಪಿನ ಮಾತು ಅಷ್ಟು ಸಂತೋಷದ್ದಲ್ಲ. ಹಳೆ ಮೈಸೂರಿನ ಜಿಲ್ಲೆಗಳಲ್ಲಿ ಕೋರಂಡಂ ಹೇರಳ. ಬಹುಕಾಲ ಅದು ಸಾಣೆಕಲ್ಲಿಗೆ, ಉಜ್ಜುಪುಡಿಗೆ ಹೋಯಿತು. ರತ್ನದ ಪೇಟೆಯಲ್ಲಿ ಇದಕ್ಕೆ ‘ಮೈಸೂರು ರೂಬಿ’ ಎಂದು ಹೆಸರು. ಬಹುಪಾಲು ಪಾರದರ್ಶಕವಲ್ಲ, ನೇರಳೆ ಛಾಯೆಯ ಮಂಕುಗೆಂಪು. ಆದರೆ ಒಳಗಿನ ಸೂಜಿಯೆಳೆಗಳು ಸರಿಯಾಗಿ ಹೊಂದಿಕೊಂಡಿದ್ದರೆ, ಗುಮ್ಮಟದಂತೆ ಸಾಣೆ ಹಿಡಿದಾಗ ಒಂಟಿ ದೀಪದ ಕೆಳಗೆ ಆರು ಕಿರಣದ ನಕ್ಷತ್ರ ತೇಲಿ ಬರುತ್ತದೆ. ಕಲ್ಲನ್ನು ಹೊರಳಿಸಿದರೆ ನಕ್ಷತ್ರವೂ ಜಾರುತ್ತದೆ. ಇನ್ನೊಂದು ಕಡೆ ಕೊಡಗಿನ ಭಾಗಮಂಡಲದ ಬಳಿಯ ನಿಶಾನಿಮೊಟ್ಟೆ, ಸುಳ್ಯ ತಾಲ್ಲೂಕಿನ ಕೂಜಿಮಲೆ ಕಾಡುಗಳಲ್ಲಿ ಕೆಂಪು ಹರಳುಕಲ್ಲಿಗಾಗಿ ಕದ್ದು ಅಗೆಯುವ ದಂಧೆಯ ಸುದ್ದಿ ವರ್ಷಗಳಿಂದ ಬರುತ್ತಲೇ ಇದೆ. ಪಶ್ಚಿಮಘಟ್ಟದ ಮಳೆಕಾಡು, ನದಿಗಳ ಹುಟ್ಟುನೆಲ ಅದು. ಅಲ್ಲಿ ಮಣ್ಣು ಸಡಿಲಿಸಿದರೆ ಮಳೆಗಾಲದಲ್ಲಿ ಗುಡ್ಡ ಹೇಗೆ ಕುಸಿಯುತ್ತದೆಂದು ಕೊಡಗು ಕಣ್ಣಾರೆ ಕಂಡಿದೆ. ಯಾವ ಹರಳೂ ಆ ಕಾಡಿಗೆ ಸಮನಲ್ಲ. ಮೂಲ ಹೇಳಲು ತಡವರಿಸುವವನಿಂದ ಕಲ್ಲು ಕೊಳ್ಳದಿರುವುದೇ ಆ ಕಾಡಿಗೆ ನಾವು ಮಾಡಬಹುದಾದ ಉಪಕಾರ.

ಇನ್ನು ಅದೃಷ್ಟದ ಹರಳಿನ ವಿಚಾರ. ಸಿರಿಗೆರೆಯವನಾಗಿ ಇದನ್ನು ಹೇಳದೆ ಬಿಡಲಾರೆ. ಮಾಣಿಕ್ಯ ಸೂರ್ಯನದು, ನೀಲ ಶನಿಯದು, ಪುಷ್ಯರಾಗ ಗುರುವಿನದು ಎನ್ನುತ್ತಾರೆ. ಸೂರ್ಯ-ಶನಿ ಒಬ್ಬರಿಗೊಬ್ಬರು ಆಗದವರು, ಅವರ ಕಲ್ಲುಗಳನ್ನು ಜತೆಗೆ ತೊಡಬಾರದು ಎಂದು ಹೆದರಿಸುತ್ತಾರೆ. ಕಲ್ಲನ್ನು ಕೇಳಿದರೆ ಬೇರೆಯೇ ಉತ್ತರ. ಕ್ರೋಮಿಯಂ ಬಿದ್ದರೆ ಮಾಣಿಕ್ಯ, ಕಬ್ಬಿಣ-ಟೈಟಾನಿಯಂ ಜೋಡಿ ಬಿದ್ದರೆ ನೀಲ, ಬರಿ ಕಬ್ಬಿಣವಿದ್ದರೆ ಹಳದಿ ಪುಷ್ಯರಾಗ. ಮೂರೂ ಕೋರಂಡಂ, ಒಂದೇ ಗಡಸು, ಒಂದೇ ಸಾಂದ್ರತೆ, ಎಷ್ಟೋ ಬಾರಿ ಒಂದೇ ಹೊಂಡದ ಮಣ್ಣಿನಲ್ಲಿ ಅಕ್ಕಪಕ್ಕ ಸಿಕ್ಕವು. ಅವುಗಳ ನಡುವೆ ಹಗೆಯೆಲ್ಲಿಂದ ಬಂತು? ಮಗಳ ಮದುವೆ ತಡವಾಯಿತೆಂದು, ಬೋರ್‌ವೆಲ್ ಬತ್ತಿತೆಂದು, ಅಡಿಕೆ ತೋಟ ಒಣಗಿತೆಂದು ಸಾಲ ಮಾಡಿ ಪುಷ್ಯರಾಗದ ಉಂಗುರ ತೊಟ್ಟವರು ನಮ್ಮ ಸುತ್ತಲೇ ಇದ್ದಾರೆ. ಮುಹೂರ್ತ, ರಾಶಿ, ಶಕುನಗಳನ್ನು ಹನ್ನೆರಡನೆಯ ಶತಮಾನದಲ್ಲೇ ಬದಿಗೊತ್ತಿದ ಶರಣರ ಹಾದಿಯಲ್ಲಿ ನಡೆಯುತ್ತೇವೆನ್ನುವವರು ನಾವು. ಆ ಶರಣರಿಗೆ ರತ್ನದ ಮೇಲೆ ಹಗೆಯಿರಲಿಲ್ಲ. ತರಳಬಾಳು ಮಠ ರೂಪಿಸಿದ ವಚನ ಸಂಪುಟದ ಜಾಲತಾಣದಲ್ಲಿ ಮಾಣಿಕ್ಯ, ಮುತ್ತು, ಸ್ಫಟಿಕ ಎಂದು ಹುಡುಕಿ ನೋಡಿ. ಬಸವಣ್ಣನವರು ಒಳ್ಳೆಯ ಮಾತಿಗೆ ಹೋಲಿಕೆಯಾಗಿ ತಂದದ್ದು ಇವುಗಳನ್ನೇ. ಹೊಳಪನ್ನು ಮೆಚ್ಚಿದರು, ಗ್ರಹವನ್ನು ಕಟ್ಟಲಿಲ್ಲ. ಹರಳನ್ನು ಹೆದರಿ ತೊಡಬಾರದು, ಕಣ್ತುಂಬ ನೋಡಿ ತೊಡಬೇಕು.

ನೋಡಿ ಕೊಳ್ಳುವುದಕ್ಕೂ ಕೊಂಚ ತಿಳಿವಳಿಕೆ ಬೇಕು. ಅಂಗಡಿಯ ದೀಪಗಳನ್ನು ಕಲ್ಲು ಹೊಳೆಯಲೆಂದೇ ಹಾಕಿರುತ್ತಾರೆ. ಹರಳನ್ನು ಬಾಗಿಲ ಬಳಿ ತಂದು ಹಗಲ ಬೆಳಕಿನಲ್ಲಿ, ನಿಮ್ಮದೇ ಕೈಮೇಲೆ ಇಟ್ಟು ನೋಡಿ. ಇಂದು ಪೇಟೆಗೆ ಬರುವ ಮಾಣಿಕ್ಯ, ನೀಲಗಳಲ್ಲಿ ಹೆಚ್ಚಿನವಕ್ಕೆ ಕಾವು ಕೊಟ್ಟಿರುತ್ತಾರೆ. ಕಾರ್ನೇಲಿಯನ್ ಮಣಿಗೆ ಕೊಡುತ್ತಿದ್ದ ಅದೇ ವಿದ್ಯೆ, ಬಣ್ಣ ಶಾಶ್ವತ, ಹೇಳಿ ಮಾರಿದರೆ ತಪ್ಪಿಲ್ಲ. ಹೆದರಬೇಕಾದ್ದು ಸೀಸದ ಗಾಜು ತುಂಬಿದ ಮಾಣಿಕ್ಯಕ್ಕೆ. ಬಿರುಕುಬಿಟ್ಟ ಕೀಳು ಕಲ್ಲಿನ ಸಂದುಗಳಿಗೆ ಸೀಸದ ಗಾಜನ್ನು ಕರಗಿಸಿ ಇಳಿಸುತ್ತಾರೆ, ಕಲ್ಲು ದಿಢೀರನೆ ತಿಳಿಯಾಗಿ ಕಾಣುತ್ತದೆ. ಸುಮಾರು 2004ರಿಂದ ಇದು ಪೇಟೆಯನ್ನು ತುಂಬಿದೆ. ನಿಂಬೆಹಣ್ಣಿನ ರಸ ತಾಗಿದರೂ ಆ ಗಾಜು ಕೊರೆದುಹೋಗುತ್ತದೆ, ಆಚಾರಿಯ ಊದುಬೆಂಕಿಗಂತೂ ಉಳಿಯುವುದೇ ಇಲ್ಲ. ಹಾಲ್‌ಮಾರ್ಕ್ ಇದೆಯಲ್ಲ ಎಂದು ಸಮಾಧಾನಪಡಬೇಡಿ. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಕಲ್ಲಿನ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ. ಕುಂದಣದ ಒಡವೆಗಳಿಗಂತೂ ಆ ನಿಯಮದಿಂದಲೇ ವಿನಾಯಿತಿ ಇದೆ. ದುಬಾರಿ ಹರಳಾದರೆ ಪ್ರಯೋಗಾಲಯದ ಪತ್ರ ಕೇಳಿ. ಜೈಪುರದಲ್ಲಿ 1972ರಿಂದಲೂ ರತ್ನ ಪರೀಕ್ಷೆಯ ಪ್ರಯೋಗಾಲಯವಿದೆ, ಈಗ ಬೆಂಗಳೂರಿನಲ್ಲೂ ಪರೀಕ್ಷೆ ಮಾಡಿಸಬಹುದು. ನೆಲದ್ದೋ ಕುಲುಮೆಯದೋ, ಕಾವು ಕೊಟ್ಟದ್ದೋ ಗಾಜು ತುಂಬಿದ್ದೋ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಹಳೆಯ ಓಲೆ ಮಂಕಾಗಿದ್ದರೆ ಅಂಟುವಾಳದ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಮೇಲ್ಗಡೆ ಮಾತ್ರ ಒರೆಸಿ ಒಣಗಿಸಿ, ನೀರಿನಲ್ಲಿ ನೆನೆಹಾಕಬೇಡಿ. ತಗಡಿಗೆ ನೀರು ಇಳಿದರೆ ಮುಗಿಯಿತು. ಹಿಂಬದಿ ಮುಚ್ಚಿದ ಓಲೆಗೆ ಅರಗು, ತಗಡು ಬದಲಿಸಿ ಹರಳು ಕೂರಿಸಬಲ್ಲ ಆಚಾರಿಗಳು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಇರುವವರಿಗೆ ಕೆಲಸ ಕೊಡಿ.

ಮತ್ತೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಹಳೆ ಒಡವೆ ಕೊಟ್ಟು ಹೊಸತು ತರಲು ಹೋದಾಗ ಅಂಗಡಿಯವರು ಹರಳು ಬಿಚ್ಚಿ, ಅರಗು ತೆಗೆದು, ಕಲ್ಲಿನ ತೂಕ ಕಳೆದು, ಉಳಿದ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಹರಳು ತಟ್ಟೆಯ ಮೂಲೆಯಲ್ಲೇ ಉಳಿಯುತ್ತದೆ, ಕೇಳದಿದ್ದರೆ ಕೈಗೆ ಬರುವುದಿಲ್ಲ. ಅದರಲ್ಲಿ ಬರ್ಮಾದ ಒಂದು ಕೆಂಪು ಇರಬಹುದು, ಕುಲುಮೆಯದೇ ಇರಬಹುದು. ಎರಡು ತಲೆಮಾರಿನ ಹೆಂಗಸರು ತೊಟ್ಟ ಹರಳಂತೂ ಹೌದು. ಬಿಚ್ಚುವ ಮೊದಲು ಎಣಿಸಿ, ಬಿಚ್ಚಿದ ಮೇಲೆ ಮತ್ತೆ ಎಣಿಸಿ, ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತನ್ನಿ.